ಗಿಳಿ ಸಾಕುವ ಮುನ್ನ: ಕೂಗು, ಕಡಿತ ಮತ್ತು ಗರಿಯ ಭಾಷೆ

ಸಾಕುಗಿಳಿಯೊಂದು ಕೊಂಡವರ ಮನೆಯಿಂದ ಮತ್ತೊಬ್ಬರ ಮನೆಗೆ ದಾಟುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಕೂಗುತ್ತದೆ, ಕಚ್ಚುತ್ತದೆ, ಮೈಮೇಲಿನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ. ಮೊದಲೆರಡು ಗಿಳಿಯ ಹುಟ್ಟುಗುಣ. ಮೂರನೆಯದು ಆ ಗುಣಗಳಿಗೆ ಮನೆಯೊಳಗೆ ಅವಕಾಶ ಸಿಗದಿದ್ದಾಗ ತಲೆದೋರುವ ತೊಂದರೆ. ಹಕ್ಕಿಯನ್ನು ತಂದ ಮೇಲೆ ಇವನ್ನು ‘ದುರಭ್ಯಾಸ’ವೆಂದು ಬಿಡಿಸಲು ಹೊರಡುವವರು ಬಹುಮಟ್ಟಿಗೆ ಸೋಲುತ್ತಾರೆ. ತರುವ ಮೊದಲೇ ಗಿಳಿಯ ನಡವಳಿಕೆಯನ್ನು ಅರಿತರೆ ತಮ್ಮ ಮನೆಗೆ ಯಾವ ಜಾತಿ ಹೊಂದುತ್ತದೆಂದು ತಿಳಿಯುತ್ತದೆ. ಕೆಲವೊಮ್ಮೆ ಯಾವುದೂ ಹೊಂದುವುದಿಲ್ಲವೆಂದೂ ತಿಳಿಯುತ್ತದೆ. ಅದೂ ಲಾಭವೇ.

ಪಂಜರದೊಳಗಿದ್ದರೂ ಕಾಡಿನ ಹಕ್ಕಿ

ನಾಯಿ, ದನ, ಕೋಳಿಗಳು ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿ, ಸಾಧು ಸ್ವಭಾವದವೇ ಉಳಿದು ಬೆಳೆದ ಪ್ರಾಣಿಗಳು. ಗಿಳಿಯ ಕಥೆ ಹಾಗಲ್ಲ. ಇಂದು ಅತಿ ಹೆಚ್ಚು ಸಾಕಲ್ಪಡುವ ಬಜರಿಗಾರ್ ಗಿಳಿ ಕೂಡ ಆಸ್ಟ್ರೇಲಿಯಾದಿಂದ ಜೀವಂತವಾಗಿ ಇಂಗ್ಲೆಂಡಿಗೆ ಬಂದದ್ದು 1840ರಲ್ಲಿ, ಪಕ್ಷಿತಜ್ಞ ಜಾನ್ ಗೌಲ್ಡ್ ಅವರ ಮೂಲಕ. ಆಫ್ರಿಕನ್ ಗ್ರೇ, ಮಕಾವ್‌ಗಳಂತಹ ದೊಡ್ಡ ಗಿಳಿಗಳಲ್ಲಿ ಹಲವು ಕಾಡಿನಿಂದ ಕೇವಲ ಕೆಲವೇ ತಲೆಮಾರು ದೂರದಲ್ಲಿವೆ. ಮನೆಯಲ್ಲಿ ಹುಟ್ಟಿ, ಕೈಯಲ್ಲಿ ಉಂಡು ಬೆಳೆದ ಮರಿಯೂ ಸ್ವಭಾವದಲ್ಲಿ ಕಾಡಿನದೇ.

ಆ ಕಾಡಿನ ಬದುಕಿನ ನಾಲ್ಕು ಅಂಶಗಳು ಗೊತ್ತಿದ್ದರೆ ಗಿಳಿಯ ಬಹುತೇಕ ವರ್ತನೆಗೆ ಅರ್ಥ ಸಿಗುತ್ತದೆ. ಗಿಳಿ ಹಿಂಡಿನಲ್ಲಿ ಬದುಕುತ್ತದೆ. ಹಿಂಡು ಕಣ್ಮರೆಯಾದರೆ ಕೂಗಿ ಹುಡುಕುತ್ತದೆ. ಹಿಂಡಿನೊಳಗೆ ಒಂದು ಸಂಗಾತಿಯನ್ನು ಆರಿಸಿಕೊಂಡು ಅದಕ್ಕೆ ಅಂಟಿಕೊಳ್ಳುತ್ತದೆ. ಹಗಲಿನ ಹೆಚ್ಚಿನ ಹೊತ್ತನ್ನು ಆಹಾರ ಹುಡುಕುವುದರಲ್ಲಿ, ತೊಗಟೆ ಸಿಗಿಯುವುದರಲ್ಲಿ, ಕಾಯಿ ಒಡೆಯುವುದರಲ್ಲಿ ಕಳೆಯುತ್ತದೆ. ಹೆಚ್ಚಿನ ಜಾತಿಗಳು ಮರದ ಪೊಟರೆಯಲ್ಲಿ ಮರಿಮಾಡುತ್ತವೆ. ಇವುಗಳ ಜೊತೆಗೆ ಗಿಡುಗದ ಭಯವನ್ನೂ ಸೇರಿಸಬೇಕು. ಗಿಳಿಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ತಿರುಗದೆಯೇ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಮೇಲಿನಿಂದ ಸರಕ್ಕನೆ ಇಳಿಯುವ ಯಾವುದೂ, ಅದು ಪ್ರೀತಿಯಿಂದ ಚಾಚಿದ ಕೈಯೇ ಆಗಿರಲಿ, ಮೊದಲ ಕ್ಷಣಕ್ಕೆ ಶತ್ರುವೇ.

ಯಾವ ಗಿಳಿಯನ್ನು ಸಾಕಬಹುದು?

ಕರ್ನಾಟಕದಲ್ಲಿ ‘ಗಿಳಿ ಸಾಕಬೇಕು’ ಎಂದಾಗ ಮನಸ್ಸಿಗೆ ಬರುವುದು ಕೊರಳಲ್ಲಿ ಗುಲಾಬಿ ಪಟ್ಟಿಯಿರುವ, ಕೆಂಪು ಕೊಕ್ಕಿನ ಊರಗಿಳಿ. ಗಿಣಿಶಾಸ್ತ್ರದವರ ಪುಟ್ಟ ಪಂಜರದಲ್ಲಿ ಕಾಣುತ್ತಿದ್ದುದೂ ಇದೇ. ಆದರೆ ಇದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಟ್ಟುಕೊಳ್ಳುವುದು ಎಲ್ಲವೂ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ಅಪರಾಧ. ಹೆಗಲ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಅಲೆಕ್ಸಾಂಡ್ರಿನ್ ಗಿಳಿ, ಪಶ್ಚಿಮ ಘಟ್ಟದ ನೀಲಿರೆಕ್ಕೆಯ ಮಲಬಾರ್ ಗಿಳಿ ಮುಂತಾದ ನಮ್ಮ ನಾಡಿನ ಎಲ್ಲ ಗಿಳಿಗಳಿಗೂ ಇದೇ ರಕ್ಷಣೆ ಇದೆ. ಅಂಗಡಿಗಳಲ್ಲಿ ನೀಲಿ, ಹಳದಿ ಬಣ್ಣದ ‘ರಿಂಗ್‌ನೆಕ್’ ಎಂದು ಮಾರುವ ಹಕ್ಕಿಗಳೂ ಊರಗಿಳಿಯ ಪ್ರಭೇದಕ್ಕೇ ಸೇರಿದವು. ಬಣ್ಣ ಬೇರೆಯಾದ ಮಾತ್ರಕ್ಕೆ ಜಾತಿ ಬೇರೆಯಾಗದು. ‘ಇದು ಫಾರಿನ್ ಹಕ್ಕಿ ಸಾರ್’ ಎಂಬ ಅಂಗಡಿಯವನ ಮಾತನ್ನು ನಂಬಿ ಹಣ ತೆರುವುದು ಜಾಣತನವಲ್ಲ.

ತೆಂಗಿನ ಮರದ ಪೊಟರೆಯಿಂದ ಬಿದ್ದ ಮರಿ ಸಿಕ್ಕಿತೆಂದು ಕರುಣೆಯಿಂದ ಸಾಕಿಕೊಂಡವರೂ ಇದ್ದಾರೆ. ಅಂತಹ ಮರಿಯನ್ನು ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ಒಪ್ಪಿಸುವುದು ಸರಿಯಾದ ದಾರಿ. ಕೈಯಲ್ಲಿ ಬೆಳೆದ ಗಿಳಿಯನ್ನು ಒಂದು ಬೆಳಿಗ್ಗೆ ಪಂಜರ ತೆರೆದು ‘ಸ್ವಾತಂತ್ರ್ಯ’ ಕೊಟ್ಟರೆ ಅದು ಕಾಗೆಗೋ ಬೆಕ್ಕಿಗೋ ಆಹಾರವಾಗುತ್ತದೆ. ಮೇವು ಹುಡುಕುವುದು ಅದಕ್ಕೆ ಬರುವುದಿಲ್ಲ, ಜೊತೆಗೆ ಹಿಂಡೂ ಇರುವುದಿಲ್ಲ.

ಸಾಕಲು ಉಳಿದಿರುವುದು ವಿದೇಶಿ ಮೂಲದ, ಪಂಜರದಲ್ಲಿಯೇ ಹುಟ್ಟಿದ ಜಾತಿಗಳು: ನಮ್ಮಲ್ಲಿ ತಪ್ಪಾಗಿ ‘ಲವ್‌ಬರ್ಡ್ಸ್’ ಎಂದು ಕರೆಯಲಾಗುವ ಬಜರಿಗಾರ್ ಅಥವಾ ಬಜಿ, ನಿಜವಾದ ಲವ್‌ಬರ್ಡ್, ಜುಟ್ಟಿನ ಕಾಕಟೀಲ್, ಕನ್ಯೂರ್, ಆಫ್ರಿಕನ್ ಗ್ರೇ, ಮಕಾವ್, ಕಾಕಟೂ. ಬಜಿ, ಕಾಕಟೀಲ್ ಮತ್ತು ಪೀಚ್ ಬಣ್ಣದ ಮುಖದ ಲವ್‌ಬರ್ಡ್ ಬಿಟ್ಟರೆ ಉಳಿದವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿವೆ. 2022ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಪಟ್ಟಿಯಲ್ಲಿರುವ ಹಕ್ಕಿ ಮನೆಯಲ್ಲಿದ್ದರೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ, ಹಕ್ಕಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಆಫ್ರಿಕನ್ ಗ್ರೇ 2017ರಿಂದ ಅತ್ಯಂತ ಬಿಗಿಯಾದ ಒಂದನೇ ಪಟ್ಟಿಯಲ್ಲಿದೆ. ಕಾಗದಪತ್ರ ತೋರಿಸಲಾಗದವರಿಂದ ಇಂತಹ ಹಕ್ಕಿಯನ್ನು ಪಡೆಯಲೇಬಾರದು, ಪುಕ್ಕಟೆಯಾಗಿ ಕೊಟ್ಟರೂ ಸರಿ.

ಮೈಯ ಭಾಷೆ

ಗಿಳಿ ಕಚ್ಚುವ ಮೊದಲು ಹೇಳಿಯೇ ಕಚ್ಚುತ್ತದೆ. ಕಾಯಿಲೆ ಬಿದ್ದಾಗಲೂ ಸೂಚನೆ ಕೊಡುತ್ತದೆ, ಆದರೆ ಬಹಳ ತಡವಾಗಿ. ಎರಡನ್ನೂ ಓದುವ ಕಲೆಯನ್ನು ಹಕ್ಕಿ ತರುವ ಮೊದಲೇ ಬೇರೆಯವರ ಮನೆಯ ಗಿಳಿಯನ್ನು ನೋಡಿ ಕಲಿಯಬಹುದು. ಒಂದೇ ಚಿಹ್ನೆಯನ್ನು ಹಿಡಿದು ತೀರ್ಮಾನಕ್ಕೆ ಬರದೆ ಕಣ್ಣು, ಗರಿ, ಬಾಲ, ನಿಲುವು ಎಲ್ಲವನ್ನೂ ಒಟ್ಟಾಗಿ ನೋಡಬೇಕು.

ಕಣ್ಣು: ಗಿಳಿ ತನ್ನ ಕಣ್ಣಿನ ಪಾಪೆಯನ್ನು ಬೇಕೆಂದಾಗ ಕಿರಿದು ಹಿರಿದು ಮಾಡಬಲ್ಲದು. ಪಾಪೆ ಪಟಪಟನೆ ಹೀಗೆ ಬದಲಾಗುತ್ತಿದ್ದರೆ ಹಕ್ಕಿ ಉದ್ರೇಕಗೊಂಡಿದೆ ಎಂದರ್ಥ. ಆ ಉದ್ರೇಕ ಸಂತೋಷದ್ದೋ ಸಿಟ್ಟಿನದ್ದೋ ಎಂಬುದನ್ನು ಮೈಯ ಉಳಿದ ಭಾಗ ಹೇಳುತ್ತದೆ. ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡು, ಕತ್ತಿನ ಹಿಂದಿನ ಗರಿ ನಿಮಿರಿದ್ದರೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಒಳ್ಳೆಯದು. ಇಷ್ಟದ ಹಾಡಿಗೆ ತಲೆ ಕುಣಿಸುತ್ತಾ ಪಾಪೆ ಮಿನುಗಿಸಿದರೆ ಅದು ಖುಷಿ. ಆಗಲೂ ಮುಟ್ಟದಿರುವುದೇ ಲೇಸು, ಏಕೆಂದರೆ ಖುಷಿ ಮಿತಿಮೀರಿದ ಗಿಳಿಯೂ ಕಚ್ಚುತ್ತದೆ.

ಜುಟ್ಟು: ಕಾಕಟೀಲ್ ಹೊಸಬರಿಗೆ ಸುಲಭವಾಗಲು ಇದೂ ಒಂದು ಕಾರಣ, ಅದರ ಮನಸ್ಸು ತಲೆಯ ಮೇಲೆಯೇ ಕಾಣುತ್ತದೆ. ನೆಟ್ಟಗೆ ನಿಂತ ಜುಟ್ಟು ಬೆಚ್ಚಿದ್ದನ್ನು ಅಥವಾ ಕುತೂಹಲವನ್ನು ತೋರುತ್ತದೆ. ಅರ್ಧ ಬಾಗಿದ ಜುಟ್ಟು ನೆಮ್ಮದಿಯದು. ತಲೆಗೆ ಅಂಟಿದ ಜುಟ್ಟಿನ ಜೊತೆ ಬುಸ್ ಎಂಬ ಸದ್ದು ಬಂದರೆ ಅದು ಕೊನೆಯ ಎಚ್ಚರಿಕೆ.

ಗರಿ: ಮೈಯ ಗರಿಯನ್ನೆಲ್ಲ ಉಬ್ಬಿಸಿ ಒಮ್ಮೆ ಜಾಡಿಸಿದರೆ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೊರಟಿದೆ ಎಂದು ತಿಳಿಯಬೇಕು. ಗರಿಯನ್ನು ಮೈಗೆ ಬಿಗಿಯಾಗಿ ಅಂಟಿಸಿ, ಉದ್ದಕ್ಕೆ ತೆಳ್ಳಗೆ ನಿಂತರೆ ಹೆದರಿದೆ. ತಲೆ ತಗ್ಗಿಸಿ ಕತ್ತಿನ ಗರಿ ಸಡಿಲಿಸಿದರೆ ಕೆರೆಯಲು ಕೇಳುತ್ತಿದೆ. ಹಿಂಡಿನಲ್ಲಿ ಗಿಳಿಗಳು ಒಂದಕ್ಕೊಂದು ಮಾಡುವ ಉಪಚಾರವಿದು, ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಗರಿ ಉಬ್ಬಿಸಿಕೊಂಡು, ಎರಡೂ ಕಾಲೂರಿ, ಕಣ್ಣು ಅರೆಮುಚ್ಚಿ ಗಂಟೆಗಟ್ಟಲೆ ಕುಳಿತ ಗಿಳಿ ಕಾಯಿಲೆಯದ್ದು. ಆರೋಗ್ಯವಂತ ಹಕ್ಕಿ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಒಂದು ಕಾಲನ್ನು ಗರಿಯೊಳಗೆ ಮಡಚಿಕೊಂಡಿರುತ್ತದೆ.

ಕೊಕ್ಕು: ಸಂಜೆ ಹೊತ್ತು ಕೊಕ್ಕಿನ ಮೇಲ್ಭಾಗ ಕೆಳಭಾಗಗಳನ್ನು ಕಿರುಕಿರು ಎಂದು ಉಜ್ಜುವ ಸದ್ದು ಹಲವರನ್ನು ಹೆದರಿಸುತ್ತದೆ. ಅದು ನಿದ್ದೆಗೆ ಜಾರುತ್ತಿರುವ, ತೃಪ್ತ ಹಕ್ಕಿಯ ಸದ್ದು. ತಲೆಯನ್ನು ಮೇಲೆ ಕೆಳಗೆ ಆಡಿಸಿ ತಿಂದದ್ದನ್ನು ಕಕ್ಕಿ ಯಜಮಾನನ ಬೆರಳಿಗೆ ಕೊಡಲು ಬಂದರೆ ಅದು ವಾಂತಿಯಲ್ಲ, ಸಂಗಾತಿಗೆ ಉಣಿಸುವ ಪ್ರಣಯಚೇಷ್ಟೆ. ತಲೆ ಅಡ್ಡಡ್ಡ ಕೊಡವುತ್ತಾ, ಮುಖದ ಗರಿಗೆಲ್ಲ ಮೆತ್ತಿಕೊಳ್ಳುವಂತೆ ಕಕ್ಕಿದರೆ ಮಾತ್ರ ಅನಾರೋಗ್ಯ.

ಬಾಲ: ಸುಮ್ಮನೆ ಕುಳಿತಿರುವಾಗ ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ತೂಗುತ್ತಿದ್ದರೆ ಉಸಿರಾಟದ ತೊಂದರೆಯಿದೆ. ಅಂತಹ ಹಕ್ಕಿಯನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ.

ಕಾಯಿಲೆಯನ್ನು ಅಡಗಿಸಿಡುವುದು ಗಿಳಿಯ ಸ್ವಭಾವ. ಹಿಂಡಿನಲ್ಲಿ ಬಳಲಿದಂತೆ ಕಂಡ ಹಕ್ಕಿಯ ಮೇಲೆಯೇ ಗಿಡುಗದ ಕಣ್ಣು ಬೀಳುತ್ತದೆ. ಹೀಗಾಗಿ ಲಕ್ಷಣ ಕಾಣುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಇದಕ್ಕೆ ಅಗ್ಗದ ಉಪಾಯವೆಂದರೆ ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಮನೆಯ ತಕ್ಕಡಿ. ಬಜಿಯ ತೂಕ ಸುಮಾರು 30ರಿಂದ 40 ಗ್ರಾಂ, ಕಾಕಟೀಲ್‌ನದು 80ರಿಂದ 100 ಗ್ರಾಂ. ವಾರಕ್ಕೊಮ್ಮೆ ಬೆಳಿಗ್ಗೆ ಮೇವಿಗೆ ಮುಂಚೆ ತೂಗಿ ಬರೆದಿಡಬೇಕು. ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೆ, ಹಕ್ಕಿ ನೋಡಲು ಲವಲವಿಕೆಯಿಂದಿದ್ದರೂ, ವೈದ್ಯರಿಗೆ ತೋರಿಸಬೇಕು.

ಕೂಗು

ಮುಂಜಾವಿನಲ್ಲಿ ಮತ್ತು ಹೊತ್ತು ಮುಳುಗುವಾಗ ಗಿಳಿ ಕೂಗಿಯೇ ಕೂಗುತ್ತದೆ. ಕಾಡಿನಲ್ಲಿ ಆ ಹೊತ್ತಿಗೆ ಹಿಂಡು ಮೇವಿಗೆ ಹೊರಡುತ್ತದೆ ಅಥವಾ ತಂಗುಮರಕ್ಕೆ ಮರಳುತ್ತದೆ. ಈ ಕೂಗನ್ನು ಯಾವ ತರಬೇತಿಯೂ ನಿಲ್ಲಿಸದು, ನಿಲ್ಲಿಸಬಾರದು ಕೂಡ. ಬಜಿಯದಾದರೆ ಅದು ಚಿಲಿಪಿಲಿ. ಸನ್ ಕನ್ಯೂರ್‌ನದಾದರೆ ಅಪಾರ್ಟ್‌ಮೆಂಟಿನ ಮೂರು ಮಹಡಿಗೆ ಕೇಳುವ ಕಿರಿಚಾಟ. ಹಳದಿ–ಕಿತ್ತಳೆ ಬಣ್ಣಕ್ಕೆ ಮರುಳಾಗಿ ಸನ್ ಕನ್ಯೂರ್ ತಂದವರು ಮೊದಲು ಪಶ್ಚಾತ್ತಾಪಪಡುವುದು ಈ ಕಾರಣಕ್ಕೆ.

ಎರಡನೆಯದು ಸಂಪರ್ಕದ ಕೂಗು. ಮನೆಯವರು ಕೋಣೆಯಿಂದ ಹೊರಗೆ ಹೋದೊಡನೆ ಗಿಳಿ ಕರೆಯುತ್ತದೆ, ‘ಎಲ್ಲಿದ್ದೀ?’ ಎಂಬುದು ಅದರ ಅರ್ಥ. ಹಿಂಡಿನಲ್ಲಾದರೆ ಉತ್ತರ ಬರುತ್ತದೆ, ಕೂಗು ನಿಲ್ಲುತ್ತದೆ. ಮನೆಯಲ್ಲಿ ಉತ್ತರ ಬಾರದಿದ್ದಾಗ ಗಿಳಿ ಸ್ವರ ಏರಿಸುತ್ತದೆ. ಕೊನೆಗೆ ಕಿರುಚಿದಾಗ ಯಾರೋ ಓಡಿಬಂದು ‘ಸುಮ್ಮನಿರು!’ ಎಂದು ಗದರುತ್ತಾರೆ. ಗಿಳಿಯ ಲೆಕ್ಕದಲ್ಲಿ ಇದೇ ಬಹುಮಾನ: ಮೆಲ್ಲಗೆ ಕರೆದರೆ ಯಾರೂ ಬರಲಿಲ್ಲ, ಕಿರುಚಿದರೆ ಬಂದರು. ಹೀಗೆ ಮನೆಯವರೇ ಕಿರಿಚಾಟವನ್ನು ಕಲಿಸಿರುತ್ತಾರೆ.

ಇದಕ್ಕೆ ಪರಿಹಾರವೂ ಅದೇ ತರ್ಕದಲ್ಲಿದೆ. ಒಂದು ಮೆಲುಸಿಳ್ಳೆಯನ್ನೋ ಪದವನ್ನೋ ಗೊತ್ತುಮಾಡಿಕೊಂಡು, ಗಿಳಿ ಮೆಲ್ಲಗೆ ಕರೆದಾಗಲೆಲ್ಲ ಬೇರೆ ಕೋಣೆಯಿಂದಲೇ ಅದರಲ್ಲಿ ಉತ್ತರಿಸಬೇಕು. ಕಿರುಚಿದಾಗ ಕಣ್ಣೆತ್ತಿಯೂ ನೋಡಬಾರದು. ಸದ್ದು ನಿಂತ ಕೆಲವು ಕ್ಷಣಗಳ ಬಳಿಕ ಹತ್ತಿರ ಹೋಗಬೇಕು. ಮೊದಲ ದಿನಗಳಲ್ಲಿ ಕಿರಿಚಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಏಕೆಂದರೆ ಇಷ್ಟು ದಿನ ಫಲಿಸಿದ ಉಪಾಯ ಫಲಿಸದಿದ್ದಾಗ ಗಿಳಿ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಆ ಹಂತದಲ್ಲಿ ಯಾರಾದರೊಬ್ಬರು ಸೋತು ಓಡಿಹೋದರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ. ಮನೆಯ ಎಲ್ಲರೂ, ಅಜ್ಜಿ ಮೊಮ್ಮಕ್ಕಳೂ ಸೇರಿ, ಒಂದೇ ನಿಯಮ ಪಾಲಿಸಿದರಷ್ಟೇ ಇದು ಫಲ ಕೊಡುತ್ತದೆ.

ಮಾತಾಡುವ ಶಕ್ತಿಯೂ ಇದೇ ಹಿಂಡಿನ ಗುಣದಿಂದ ಬಂದದ್ದು. ಗಿಳಿ ಕಲಿಯುವುದು ತನ್ನ ಗುಂಪಿನ ಸದ್ದುಗಳನ್ನು. ಗುಂಪು ಮನುಷ್ಯರದಾದರೆ ಮನುಷ್ಯರ ಮಾತನ್ನು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ತಂದು ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದ ಬಳಸುತ್ತಿತ್ತು. ಬಣ್ಣ, ಆಕಾರ, ಎಣಿಕೆ ಗುರುತಿಸಿ ಹೇಳುತ್ತಿತ್ತು. ಇದನ್ನು ಕೇಳಿ ಗ್ರೇ ಕೊಳ್ಳಲು ಹೊರಡುವವರು ಅಲೆಕ್ಸ್‌ಗೆ ದಿನವಿಡೀ ಪಾಠ ಹೇಳುವ ತಂಡವೇ ಇತ್ತೆಂಬುದನ್ನು ಮರೆಯುತ್ತಾರೆ. ಬಜಿ, ಕಾಕಟೀಲ್‌ಗಳಲ್ಲಿ ಗಂಡುಗಳೇ ಹೆಚ್ಚಾಗಿ ಅನುಕರಿಸುತ್ತವೆ. ಯಾವ ಹಕ್ಕಿಯ ಮೇಲೂ ಮಾತಿನ ಗ್ಯಾರಂಟಿ ಇಲ್ಲ. ಮಾತಿಗಾಗಿಯೇ ಗಿಳಿ ತರುವುದು ಕೆಟ್ಟ ಕಾರಣ.

ಕಡಿತ

ಕಾಡಿನಲ್ಲಿ ಹೆದರಿದ ಗಿಳಿ ಕಚ್ಚುವುದಕ್ಕಿಂತ ಹೆಚ್ಚಾಗಿ ಹಾರಿಹೋಗುತ್ತದೆ. ಪಂಜರದಲ್ಲಿ, ಅದರಲ್ಲೂ ರೆಕ್ಕೆ ಕತ್ತರಿಸಿದ ಹಕ್ಕಿಗೆ, ಆ ದಾರಿ ಮುಚ್ಚಿರುತ್ತದೆ. ಆಗ ಉಳಿಯುವುದು ಕೊಕ್ಕು. ‘ರೆಕ್ಕೆ ಕತ್ತರಿಸಿದರೆ ಸಾಧುವಾಗುತ್ತದೆ’ ಎಂಬ ನಂಬಿಕೆ ಅರ್ಧ ಮಾತ್ರ ನಿಜ: ಹಾರಲಾರದ್ದರಿಂದ ಕೈಯಲ್ಲಿ ಉಳಿಯುತ್ತದೆ, ಉಳಿದು ಕಚ್ಚುತ್ತದೆ.

ಬುಸುಗುಟ್ಟಿ, ಬಾಲ ಬಿಚ್ಚಿ, ಮುಂದೆ ಬಾಗಿ ಎಚ್ಚರಿಸಿದ್ದನ್ನು ಜನ ಗಮನಿಸದಿದ್ದಾಗ ಗಿಳಿ ಒಂದು ಪಾಠ ಕಲಿಯುತ್ತದೆ: ಎಚ್ಚರಿಕೆಯಿಂದ ಪ್ರಯೋಜನವಿಲ್ಲ, ನೇರ ಕಚ್ಚುವುದೇ ಸರಿ. ‘ಏನೂ ಸೂಚನೆ ಕೊಡದೆ ಕಚ್ಚಿತು’ ಎಂಬ ದೂರಿನ ಹಿಂದೆ ಇಂತಹ ಇತಿಹಾಸ ಇರುತ್ತದೆ. ಬೆರಳನ್ನು ಕೊಕ್ಕಿನಿಂದ ಮೆಲ್ಲಗೆ ಹಿಡಿದು ನೋಡುವುದನ್ನೂ ಕಡಿತವೆಂದು ತಿಳಿಯಬಾರದು. ಗಿಳಿ ಹತ್ತುವಾಗ ಕೊಕ್ಕನ್ನು ಮೂರನೆಯ ಕಾಲಾಗಿ ಬಳಸುತ್ತದೆ. ಕೊಂಬೆ ಗಟ್ಟಿಯಿದೆಯೇ ಎಂದು ಪರೀಕ್ಷಿಸುವಾಗ ಕೈ ಎಳೆದುಕೊಂಡರೆ ಮುಂದೆ ಅದು ಆ ಕೈಯನ್ನು ನಂಬುವುದಿಲ್ಲ.

ಬೆರಳೇರಿಸುವ ಅಭ್ಯಾಸವನ್ನು ಹೀಗೆ ಮಾಡಿಸಬಹುದು:

1. ಮೊದಲ ಕೆಲವು ದಿನ ಪಂಜರದ ಹತ್ತಿರ ಕುಳಿತು ಓದುವುದು, ಮಾತಾಡುವುದು ಅಷ್ಟೇ. ಕೈ ಒಳಗೆ ಹಾಕುವುದು ಮೇವು ನೀರಿಗೆ ಮಾತ್ರ.
2. ಹಕ್ಕಿಗೆ ಅತಿ ಇಷ್ಟವಾದ ತಿಂಡಿ ಯಾವುದೆಂದು ಕಂಡುಕೊಳ್ಳಬೇಕು. ಬಜಿ, ಕಾಕಟೀಲ್‌ಗಳಿಗೆ ಅದು ಬಹುತೇಕ ನವಣೆ ತೆನೆ. ಅದನ್ನು ಬಟ್ಟಲಿನಿಂದ ತೆಗೆದು, ಕೈಯಿಂದ ಮಾತ್ರ ಕೊಡಬೇಕು.
3. ಕಂಬಿಗಳ ಆಚೆಯಿಂದ ಕೊಟ್ಟದ್ದನ್ನು ಹೆದರದೆ ತಿನ್ನತೊಡಗಿದ ಮೇಲೆ ತೆರೆದ ಬಾಗಿಲಿನಲ್ಲಿ ಹಿಡಿಯಬೇಕು.
4. ಬೆರಳನ್ನು ಹೊಟ್ಟೆಯ ಕೆಳಗೆ, ಕಾಲಿನ ತುಸು ಮೇಲೆ ಅಡ್ಡಹಿಡಿದು, ತೆನೆಯನ್ನು ಅದರಾಚೆ ತೋರಿಸಬೇಕು. ಹಕ್ಕಿ ತಾನಾಗಿ ಕಾಲಿಟ್ಟರೆ ತಿಂಡಿ. ಹಿಂದೆ ಸರಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು.
5. ಪಾಠ ಐದು ಹತ್ತು ನಿಮಿಷ ಮೀರಬಾರದು. ಹಕ್ಕಿಗೆ ಬೇಸರ ಬರುವ ಮೊದಲೇ ಮುಗಿಸಬೇಕು.

ಬೇಡವೆನ್ನುವ ಹಕ್ಕು ಗಿಳಿಗೆ ಇದ್ದರೆ ಕೊಕ್ಕು ಬಳಸುವ ಅಗತ್ಯ ಬೀಳುವುದಿಲ್ಲ. ಈ ಐದು ಹಂತಗಳ ಹಿಂದಿನ ತರ್ಕ ಇದು. ಟವೆಲಿನಲ್ಲಿ ಸುತ್ತಿ ಹಿಡಿದು ‘ಅಭ್ಯಾಸ ಮಾಡಿಸುವ’ ವಿಧಾನ ಇದಕ್ಕೆ ತದ್ವಿರುದ್ಧ. ಅದರಿಂದ ಸಿಗುವುದು ಶರಣಾಗತಿ, ಸ್ನೇಹವಲ್ಲ.

ಸಂತಾನಕಾಲದ ವರ್ತನೆ

ಮುದ್ದಾಗಿದ್ದ ಮರಿ ಪ್ರಾಯಕ್ಕೆ ಬಂದಾಗ ಒಮ್ಮೆಲೆ ಒರಟಾಗುತ್ತದೆ. ಸಣ್ಣ ಜಾತಿಗಳಲ್ಲಿ ಇದು ಮೊದಲ ವರ್ಷದೊಳಗೆ, ದೊಡ್ಡವುಗಳಲ್ಲಿ ಕೆಲವು ವರ್ಷಗಳ ಬಳಿಕ. ಮನೆಯ ಒಬ್ಬರನ್ನು ಸಂಗಾತಿಯೆಂದು ಆರಿಸಿಕೊಂಡು ಉಳಿದವರನ್ನು ಪ್ರತಿಸ್ಪರ್ಧಿಗಳೆಂದು ಓಡಿಸುತ್ತದೆ. ಪಂಜರದ ಮೂಲೆಯನ್ನು ಗೂಡೆಂದು ಕಾಯುತ್ತದೆ. ಪೀಚ್ ಮುಖದ ಹೆಣ್ಣು ಲವ್‌ಬರ್ಡ್ ದಿನಪತ್ರಿಕೆಯನ್ನು ಉದ್ದ ಪಟ್ಟಿಗಳಾಗಿ ಹರಿದು ಬಾಲದ ಬುಡದ ಗರಿಗಳಿಗೆ ಸಿಕ್ಕಿಸಿಕೊಂಡು ಓಡಾಡುತ್ತದೆ; ನೋಡಲು ಸೊಗಸು, ಆದರೆ ಮೊಟ್ಟೆಯ ಸಿದ್ಧತೆ ಅದು. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ. ಪದೇಪದೇ ಇಟ್ಟರೆ ಸುಣ್ಣದ ಅಂಶ ಬಸಿದುಹೋಗಿ ಪ್ರಾಣಕ್ಕೇ ಕುತ್ತು.

ಬಜಿ ಮತ್ತು ಕಾಕಟೀಲ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿಗಳು. ಅಲ್ಲಿ ಮಳೆ ಬಿದ್ದು ಹುಲ್ಲುಬೀಜ ಹೇರಳವಾದಾಗ ಅವು ಮರಿಮಾಡುತ್ತವೆ. ಹಾಗೆ ನೋಡಿದರೆ ನಮ್ಮ ಮನೆಗಳಲ್ಲಿ ವರ್ಷವಿಡೀ ಅವುಗಳ ಸುಗ್ಗಿ: ಬಟ್ಟಲ ತುಂಬ ಕಾಳು, ಸೋಫಾದ ಕೆಳಗೆ ಕತ್ತಲೆಯ ಪೊಟರೆ, ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟು. ಕರ್ನಾಟಕದಲ್ಲಿ ವರ್ಷದ ಯಾವ ಕಾಲದಲ್ಲೂ ಹಗಲು ಸುಮಾರು 11ರಿಂದ 13 ಗಂಟೆಯಷ್ಟೇ; ಟಿವಿ ಇರುವ ಹಜಾರದಲ್ಲಿ ಅದು 17 ಗಂಟೆಗೆ ಹಿಗ್ಗುತ್ತದೆ. ಗಿಳಿಗೆ 10ರಿಂದ 12 ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು. ಸಂಜೆ ಏಳೂವರೆಗೆ ಪಂಜರವನ್ನು ಬೇರೆ ಕೋಣೆಗೆ ಸಾಗಿಸುವುದರಿಂದಲೇ ಅರ್ಧ ಸಿಡುಕು ಇಳಿಯುತ್ತದೆ. ಪೆಟ್ಟಿಗೆ, ಗುಡಿಸಲಿನಂತಹ ಆಟಿಕೆ, ಕನ್ನಡಿಗಳನ್ನು ತೆಗೆಯಬೇಕು. ಮುಟ್ಟುವುದಾದರೆ ತಲೆ, ಕತ್ತು ಮಾತ್ರ; ಬೆನ್ನು ಮತ್ತು ರೆಕ್ಕೆಯ ಕೆಳಗೆ ಸವರುವುದನ್ನು ಗಿಳಿ ಕೂಡಿಕೆಯ ಆಹ್ವಾನವೆಂದೇ ತಿಳಿಯುತ್ತದೆ.

ಬೇಸರ ಮತ್ತು ಗರಿ ಕೀಳುವಿಕೆ

ತಲೆಯ ಗರಿ ನೆಟ್ಟಗಿದ್ದು ಎದೆ, ಹೊಟ್ಟೆ, ರೆಕ್ಕೆಯ ಕೆಳಗೆ ಬೋಳಾಗಿದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ. ತಲೆಯೂ ಬೋಳಾಗಿದ್ದರೆ ಜೊತೆಗಾರ ಹಕ್ಕಿಯ ಕೆಲಸ ಅಥವಾ ರೋಗ. ಮೊದಲು ವೈದ್ಯರಿಂದ ಚರ್ಮರೋಗ, ಸೋಂಕು, ಅಪೌಷ್ಟಿಕತೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಬೇಸರದ ವಿಚಾರ. ಆಫ್ರಿಕನ್ ಗ್ರೇ ಮತ್ತು ಕಾಕಟೂಗಳಲ್ಲಿ ಇದು ಹೆಚ್ಚು.

ದಿನವಿಡೀ ಮೇವು ಹುಡುಕಬೇಕಾದ ಜೀವಕ್ಕೆ ಬಟ್ಟಲಿನಲ್ಲಿ ಹತ್ತು ನಿಮಿಷದಲ್ಲಿ ಊಟ ಮುಗಿದರೆ ಉಳಿದ ಹೊತ್ತಿಗೆ ಕೊಕ್ಕಿಗೆ ಕೆಲಸವಿಲ್ಲ. ಮೇವನ್ನು ಬಚ್ಚಿಡುವುದು ಇದಕ್ಕೆ ಮದ್ದು: ಕಾಗದದ ಪೊಟ್ಟಣದಲ್ಲಿ ಕಾಳು, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ಕ್ಯಾರೆಟ್, ತೆಂಗಿನ ಚಿಪ್ಪಿನ ತೂತಿನಲ್ಲಿ ಬೀಜ, ಸಿಗಿಯಲು ಬೇವಿನ ಅಥವಾ ಸೀಬೆಯ ಹಸಿ ಕೊಂಬೆ. ಇವಕ್ಕೆ ಅಂಗಡಿಯ ದುಬಾರಿ ಆಟಿಕೆಗಳ ಹಂಗಿಲ್ಲ. ಹಾಳುಮಾಡಲು ಏನನ್ನೂ ಕೊಡದಿದ್ದರೆ ಗಿಳಿ ಕಿಟಕಿಯ ಚೌಕಟ್ಟನ್ನೋ ಚಾರ್ಜರಿನ ತಂತಿಯನ್ನೋ ತಾನೇ ಹುಡುಕಿಕೊಳ್ಳುತ್ತದೆ.

ತರುವ ಮೊದಲು ಮಾಡಬೇಕಾದ ಕೆಲಸಗಳು

1. ಬೇಕೆಂದ ಜಾತಿಯನ್ನು ಸಾಕಿರುವವರ ಮನೆಗೆ ಸಂಜೆ ಹೊತ್ತು ಹೋಗಿ ಕೂಗನ್ನು ಕಿವಿಯಾರೆ ಕೇಳಬೇಕು. ವಿಡಿಯೊದಲ್ಲಿ ಕೇಳುವುದು ಬೇರೆ. ಬಾಡಿಗೆ ಮನೆಯಾದರೆ ಮಾಲೀಕರ, ಪಕ್ಕದವರ ಒಪ್ಪಿಗೆಯೂ ಬೇಕು.

2. ಆಯಸ್ಸನ್ನು ಮನೆಯವರ ವಯಸ್ಸಿನ ಜೊತೆ ಲೆಕ್ಕ ಹಾಕಬೇಕು. ಬಜಿ ಸುಮಾರು 5ರಿಂದ 10 ವರ್ಷ, ಕಾಕಟೀಲ್ 15ರಿಂದ 20, ಕನ್ಯೂರ್ 20ರಿಂದ 30, ಆಫ್ರಿಕನ್ ಗ್ರೇ 40ರ ಆಚೆಗೂ ಬದುಕುತ್ತದೆ. ಐವತ್ತು ದಾಟಿದವರು ಗ್ರೇ ತರುವುದಾದರೆ ತಮ್ಮ ನಂತರ ನೋಡಿಕೊಳ್ಳುವವರನ್ನು ಈಗಲೇ ಗೊತ್ತುಮಾಡಬೇಕು.

3. ಹಕ್ಕಿಗಳನ್ನು ನೋಡಬಲ್ಲ ಪಶುವೈದ್ಯರು ಊರಿನಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಬೇಕು. ನಾಯಿ ಬೆಕ್ಕುಗಳ ವೈದ್ಯರೆಲ್ಲರಿಗೂ ಗಿಳಿಯ ಅನುಭವ ಇರುವುದಿಲ್ಲ. ಬೆಂಗಳೂರು, ಮೈಸೂರಿನಂತಹ ನಗರಗಳ ಹೊರಗೆ ಇದೇ ದೊಡ್ಡ ತೊಡಕು.

4. ಅಸ್ತಮಾ, ಅಲರ್ಜಿ ಇರುವವರು ಕಾಕಟೀಲ್, ಗ್ರೇ, ಕಾಕಟೂಗಳ ಹತ್ತಿರ ಕೆಲವು ಗಂಟೆ ಕಳೆದು ನೋಡಬೇಕು. ಇವುಗಳ ಗರಿಯಿಂದ ಬಿಳಿ ಪುಡಿ ಸದಾ ಉದುರುತ್ತದೆ.

5. ಪಂಜರದ ಎತ್ತರಕ್ಕಿಂತ ಅಗಲ ಮುಖ್ಯ. ಹಾರಾಟ ಅಡ್ಡಕ್ಕೆ ನಡೆಯುತ್ತದೆ. ರೆಕ್ಕೆ ಪೂರ್ತಿ ಬಿಚ್ಚಿ ತಿರುಗಿದರೂ ಎಲ್ಲೂ ತಗುಲಬಾರದು. ಕಂಬಿಗಳ ನಡುವೆ ತಲೆ ತೂರಬಾರದು. ಬಜಿಗೆ ಒಂದೂಕಾಲು ಸೆಂಟಿಮೀಟರ್ ಮಿತಿ. ಸತುವಿನ ಲೇಪ ಕಿತ್ತುಬರುವ ಅಗ್ಗದ ಪಂಜರ ವಿಷಕ್ಕೆ ದಾರಿ.

6. ದೊಡ್ಡ ಹಕ್ಕಿಯನ್ನು ದತ್ತು ಪಡೆಯುವಾಗ ಹಿಂದಿನವರಿಗೆ ಕೇಳಬೇಕಾದ ಪ್ರಶ್ನೆಗಳು: ಏನು ತಿನ್ನುತ್ತದೆ? ಯಾರನ್ನು ಕಂಡರೆ ಆಗದು? ಯಾವ ವಸ್ತುವಿಗೆ ಹೆದರುತ್ತದೆ? ಎಷ್ಟು ಹೊತ್ತಿಗೆ ಮಲಗುತ್ತದೆ? ಎಷ್ಟು ಮನೆ ಬದಲಾಗಿದೆ? ಏಕೆ ಕೊಡುತ್ತಿದ್ದಾರೆ? ಕೊನೆಯ ಪ್ರಶ್ನೆಯನ್ನು ಮನೆಯ ಬೇರೊಬ್ಬರಿಗೂ ಕೇಳಿ ಉತ್ತರಗಳನ್ನು ಹೋಲಿಸಿದರೆ ಒಳ್ಳೆಯದು.

ಎಚ್ಚರಿಕೆಗಳು

ಹಕ್ಕಿಯ ಶ್ವಾಸಾಂಗ ಗಾಳಿಯನ್ನು ನಮ್ಮದಕ್ಕಿಂತ ಸಮರ್ಥವಾಗಿ ಹೀರುತ್ತದೆ, ಹಾಗೆಯೇ ವಿಷವನ್ನೂ. ಖಾಲಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ಕೆಲವೇ ನಿಮಿಷಗಳಲ್ಲಿ ಗಿಳಿಯನ್ನು ಕೊಲ್ಲಬಲ್ಲದು. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ರೂಮ್ ಫ್ರೆಶ್ನರ್, ಒಗ್ಗರಣೆಯ ಘಾಟು ಇವುಗಳಿಂದ ಪಂಜರ ದೂರವಿರಬೇಕು. ಅಡುಗೆಮನೆ, ದೇವರಮನೆಯ ಪಕ್ಕ ಬೇಡ. ಹೊರಗೆ ಬಿಡುವ ಮೊದಲು ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಬಕೆಟ್ಟಿನ ನೀರಿಗೆ ಮುಚ್ಚಳ ಹಾಕಬೇಕು.

ಕೊಡಗಿನಲ್ಲಿ ಬೆಳೆಯುವ ಬೆಣ್ಣೆಹಣ್ಣು ಗಿಳಿಗೆ ವಿಷ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಉಪ್ಪಿನ ಕುರುಕಲು ಕೂಡದು. ಬರೀ ಸೂರ್ಯಕಾಂತಿ ಬೀಜದ ಮೇಲೆ ಬೆಳೆದ ಗಿಳಿಗೆ ಕೊಬ್ಬು ಹೆಚ್ಚಿ, ಎ ಜೀವಸತ್ವ ಸಾಲದೆ ಹೋಗುತ್ತದೆ. ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು, ಮೊಳಕೆಕಾಳು ದಿನದ ಮೇವಿನಲ್ಲಿರಬೇಕು. ಹಸಿಮೆಣಸಿನಕಾಯಿ ಕೊಡಬಹುದು, ಖಾರ ಹಕ್ಕಿಗಳ ನಾಲಿಗೆಗೆ ತಾಗುವುದೇ ಇಲ್ಲ.

ಗಿಳಿಯಿಂದ ಮನುಷ್ಯರಿಗೆ ಸಿಟ್ಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಹರಡಬಹುದು. ಹಿಕ್ಕೆಯನ್ನು ಒಣಗಿಸಿ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಮನೆಯವರಿಗೆ ಬಿಡದ ಜ್ವರ, ಕೆಮ್ಮು ಬಂದರೆ ಗಿಳಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ದೀಪಾವಳಿಯ ರಾತ್ರಿಗಳಲ್ಲಿ ಕಾಕಟೀಲ್ ಬೆದರಿ ಪಂಜರದೊಳಗೆ ಹುಚ್ಚೆದ್ದು ಬಡಿದುಕೊಳ್ಳುತ್ತದೆ. ಮಂದ ದೀಪವೊಂದನ್ನು ಉರಿಸಿಟ್ಟರೆ ಕೂರುವ ಕೋಲು ಅದಕ್ಕೆ ಕಾಣುತ್ತದೆ, ರೆಕ್ಕೆ ಮುರಿಯುವುದು ತಪ್ಪುತ್ತದೆ.

ಸಾಮಾನ್ಯ ತಪ್ಪುಗಳು

ಗುಟುಕು ಬಿಡದ ಮರಿಯನ್ನು ತಂದು ತಾವೇ ಸಿರಿಂಜಿನಲ್ಲಿ ಉಣಿಸಿದರೆ ಹೆಚ್ಚು ಹಚ್ಚಿಕೊಳ್ಳುತ್ತದೆ ಎಂಬ ಪ್ರಚಾರ ಮಾರುವವರಿಗೆ ಅನುಕೂಲಕರ, ಹಕ್ಕಿಗಲ್ಲ. ಬಿಸಿ ಹೆಚ್ಚಾದ ಹಿಟ್ಟಿನಿಂದ ಮೇವಿನ ಚೀಲ ಸುಡುತ್ತದೆ, ತಪ್ಪಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ತಾನೇ ತಿನ್ನಲು ಕಲಿತ ಮರಿಯೂ, ವಯಸ್ಕ ಹಕ್ಕಿಯೂ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಮೊದಲ ವಾರ ನೆಂಟರಿಷ್ಟರನ್ನೆಲ್ಲ ಕರೆದು ತೋರಿಸುವುದು, ಆಗಲೇ ಎರಡು ಮೂರು ಗಂಟೆ ಎತ್ತಿಕೊಂಡಿದ್ದು ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತುಬಿಡುವುದು ಇನ್ನೊಂದು ತಪ್ಪು. ವರ್ಷವಿಡೀ ಕೊಡಲಾಗುವಷ್ಟು ಹೊತ್ತನ್ನೇ ಮೊದಲ ದಿನದಿಂದ ಕೊಡಬೇಕು. ಶಿಕ್ಷೆಯೆಂದು ಮುಖಕ್ಕೆ ನೀರು ಚಿಮುಕಿಸುವುದರಿಂದ ಸ್ನಾನದ ಸುಖವೂ ಕೆಡುತ್ತದೆ. ಹಗಲಿನಲ್ಲಿ ಬಟ್ಟೆ ಮುಚ್ಚಿ ಬಾಯಿ ಮುಚ್ಚಿಸುವುದು ಆ ಕ್ಷಣಕ್ಕೆ ಫಲಿಸಿದರೂ ಹಕ್ಕಿಗೆ ಅದರಿಂದ ಕಲಿಯುವುದೇನೂ ಇಲ್ಲ. ಒಂಟಿತನ ಕಳೆಯಲೆಂದು ಎರಡನೆಯ ಹಕ್ಕಿಯನ್ನು ತಂದು ನೇರ ಅದೇ ಪಂಜರಕ್ಕೆ ಬಿಡುವುದು ಜಗಳಕ್ಕೂ ರೋಗಕ್ಕೂ ದಾರಿ. ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ನೋಡಬೇಕು.

ಮೊದಲ ಸಲ ಸಾಕುವವರಿಗೆ ಬಜಿಯ ಜೋಡಿ ಅಥವಾ ಒಂದು ಕಾಕಟೀಲ್ ತಕ್ಕ ಆಯ್ಕೆ. ಲವ್‌ಬರ್ಡ್ ಸಣ್ಣದಾದರೂ ಮುಂಗೋಪಿ. ಕನ್ಯೂರ್ ಸ್ವತಂತ್ರ ಮನೆಯಿರುವವರಿಗೆ. ಗ್ರೇ, ಮಕಾವ್, ಕಾಕಟೂಗಳು ಸಣ್ಣ ಗಿಳಿಗಳನ್ನು ಹಲವು ವರ್ಷ ಸಾಕಿ ಅನುಭವವಿರುವವರಿಗೆ, ಅದೂ ಹಗಲಿನಲ್ಲಿ ಮನೆಯಲ್ಲಿ ಒಬ್ಬರಾದರೂ ಇದ್ದರೆ. ಎಲ್ಲರೂ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಮನೆಗೆ ಯಾವ ಗಿಳಿಯೂ ಬೇಡ.